ಸ್ಟಾರ್ ವಾರ್ಸ್ ಕಥೆ ಬೇರೆ ದಾರಿ ಹಿಡಿದಿದ್ದರೆ? ವಾದಕ್ಕೆ ಕೂರುವವರಿಗೊಂದು ಮಾರ್ಗದರ್ಶಿ

ಸ್ಟಾರ್ ವಾರ್ಸ್ ಚಿತ್ರಗಳನ್ನು ಮನಸ್ಸಿಟ್ಟು ನೋಡಿದ ನಾಲ್ಕು ಜನ ಒಂದು ಕಡೆ ಸೇರಿದರೆ ಮಾತು ಬೇಗ ಒಂದೇ ಕಡೆಗೆ ತಿರುಗುತ್ತದೆ. ನಾಯಕ ಲ್ಯೂಕ್ ಆವತ್ತು ಗುರು ಯೋಡಾನ ಮಾತು ಕೇಳಿ ಅಲ್ಲೇ ಉಳಿದಿದ್ದರೆ? ಮುಂದೆ ಖಳನಾಯಕ ವೇಡರ್ ಆಗುವ ಅನಾಕಿನ್ ಆ ಕೋಣೆಗೆ ಬರದೇ ಇದ್ದಿದ್ದರೆ? ಲ್ಯೂಕ್‌ನ ಗೆಳೆಯ ಹಾನ್ ಸೋಲೋ 1983ರ ಚಿತ್ರದಲ್ಲೇ ಸತ್ತಿದ್ದರೆ? ಪ್ರಶ್ನೆ ಬಿದ್ದ ಕೂಡಲೇ ಎಲ್ಲರ ಮುಖದಲ್ಲೂ ಒಂದು ಕಳೆ ಬರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅದೇ ಜನ ಸುಸ್ತಾಗಿರುತ್ತಾರೆ. ಒಬ್ಬರು ಯಾವುದೋ ಹಳೆಯ ಕಾದಂಬರಿಯಿಂದ ಸಾಕ್ಷಿ ತರುತ್ತಾರೆ. ಇನ್ನೊಬ್ಬರು ಅದನ್ನು ಒಪ್ಪುವುದಿಲ್ಲ. ಮೂರನೆಯವರು ‘ನಿನಗೆ ವೇಡರ್ ಇಷ್ಟ, ಅದಕ್ಕೆ ಹಾಗಂತೀಯ’ ಅಂದುಬಿಡುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ.

ಇಷ್ಟು ಒಳ್ಳೆಯ ಪ್ರಶ್ನೆಗಳು ಹೀಗೆ ಹಾಳಾಗಬಾರದು. ಕಥೆಯಲ್ಲಿ ಒಂದೇ ಒಂದು ವಿಷಯ ಬದಲಿಸಿ, ಉಳಿದದ್ದನ್ನೆಲ್ಲ ಇದ್ದ ಹಾಗೇ ಬಿಟ್ಟು, ಮುಂದೇನಾಗುತ್ತದೆ ಎಂದು ಹಿಂಬಾಲಿಸಿದರೆ ನೂರು ಸಲ ನೋಡಿದ ಚಿತ್ರವೂ ಹೊಸದಾಗಿ ಕಾಣುತ್ತದೆ. ಅದಕ್ಕೆ ಸ್ವಲ್ಪ ಶಿಸ್ತು ಬೇಕು. ಮೈಸೂರು, ಮಂಡ್ಯ ಕಡೆಯ ಗೆಳೆಯರ ಗುಂಪುಗಳು ಒಂದು ಸಂಜೆ ಕೂತು ಮಾಡಬಹುದಾದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಒಂಬತ್ತು ಚಿತ್ರಗಳನ್ನೂ ಇನ್ನೂ ನೋಡದವರು ಮೊದಲು ನೋಡಿ ಬನ್ನಿ. ಇಲ್ಲಿ ಮುಖ್ಯ ತಿರುವುಗಳನ್ನೆಲ್ಲ ಬಿಚ್ಚಿ ಹೇಳಲೇಬೇಕಾಗಿದೆ.

ನಮ್ಮ ಕಡೆಗೆ ಇದು ಹೊಸದಲ್ಲ

ಮಂಡ್ಯದ ಹಳ್ಳಿಗಳಲ್ಲಿ ಇವತ್ತಿಗೂ ಊರಿನವರೇ ಬಣ್ಣ ಹಚ್ಚಿ ಕುರುಕ್ಷೇತ್ರ ನಾಟಕ ಆಡುತ್ತಾರೆ. ರಾತ್ರಿಯಿಡೀ ನಾಟಕ ನೋಡಿದವರು ಬೆಳಿಗ್ಗೆ ಟೀ ಅಂಗಡಿಯಲ್ಲಿ ಏನು ಮಾತಾಡುತ್ತಾರೆ? ಕುಂತಿ ಬಂದು ಕೇಳಿಕೊಂಡಾಗ ಕರ್ಣ ಪಾಂಡವರ ಕಡೆ ಹೋಗಿಬಿಟ್ಟಿದ್ದರೆ ಯುದ್ಧ ನಡೆಯುತ್ತಿತ್ತಾ ಅಂತ. ನಾವು ಲ್ಯೂಕ್ ಬಗ್ಗೆ ಕೇಳುವುದೂ ಇದೇ ಜಾತಿಯ ಪ್ರಶ್ನೆ.

ನಮ್ಮ ಕವಿಗಳು ಬರೀ ಕೇಳಿ ಸುಮ್ಮನಾಗಲಿಲ್ಲ, ಬರೆದೇ ತೋರಿಸಿದರು. 10ನೇ ಶತಮಾನದಲ್ಲಿ ಪಂಪ ಮಹಾಭಾರತ ಹೇಳುವಾಗ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಕೊನೆಯಲ್ಲಿ ಪಟ್ಟ ಕಟ್ಟಿದ್ದೂ ಅರ್ಜುನನಿಗೇ. ಆದರೆ ಒಂದು ಎಳೆ ಬದಲಾದರೆ ಇನ್ನೊಂದು ಎಳೆ ಜಗ್ಗುತ್ತದೆ. ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾದ ಮೇಲೂ ದುಶ್ಶಾಸನನ ಎದೆ ಬಗೆಯುತ್ತೇನೆ ಎಂದು ಪ್ರತಿಜ್ಞೆ ಮಾಡುವವನು ಪಂಪನಲ್ಲೂ ಭೀಮನೇ. ಗಂಡ ಪಕ್ಕದಲ್ಲೇ ಇರುವಾಗ ಆ ಮಾತು ಅವನ ಬಾಯಲ್ಲಿ ಏಕೆ ಬರಲಿಲ್ಲ ಎಂದು ಓದುವವರು ಕೇಳಿಯೇ ಕೇಳುತ್ತಾರೆ. ಕಥೆಯ ದಾರಿ ಬದಲಿಸುವವರೆಲ್ಲ ಈ ಪ್ರಶ್ನೆಗೆ ಸಿದ್ಧವಾಗಿರಬೇಕು.

ನನಗೆ ಇನ್ನೂ ಜಾಸ್ತಿ ಪಾಠ ಕಲಿಸಿದ್ದು ಮೈಸೂರಿನದೇ ಒಂದು ಉದಾಹರಣೆ. 1944ರಲ್ಲಿ ಕುವೆಂಪು ‘ಶೂದ್ರ ತಪಸ್ವಿ’ ನಾಟಕ ಬರೆದರು. ಹಳೆಯ ಕಥೆಯಲ್ಲಿ ತಪಸ್ಸು ಮಾಡುತ್ತಿದ್ದ ಶಂಬೂಕನನ್ನು ರಾಮ ಕೊಲ್ಲುತ್ತಾನೆ. ಕುವೆಂಪು ನಾಟಕದಲ್ಲಿ ರಾಮ ಬಾಣ ಬಿಡುತ್ತಾನೆ, ಆದರೆ ಆ ಬಾಣ ತಪಸ್ವಿಯನ್ನು ಬಿಟ್ಟು ದೂರು ತಂದ ಬ್ರಾಹ್ಮಣನ ಕಡೆಗೇ ತಿರುಗುತ್ತದೆ. ಹಳೆಯ ಕಥೆಯನ್ನು ಹೀಗೆ ಬದಲಿಸಬಹುದಾ ಎಂದು ಮಾಸ್ತಿ ಆಕ್ಷೇಪ ಎತ್ತಿದರು. ಕುವೆಂಪು ಉತ್ತರ ಕೊಟ್ಟರು. ಆ ವಾದ ಇರಲಿ, ನಾಟಕದ ಕೆಲಸಗಾರಿಕೆಯನ್ನು ನೋಡಿ. ರಾಮನ ಸ್ವಭಾವವನ್ನು ಕುವೆಂಪು ಮುಟ್ಟಲಿಲ್ಲ. ಧರ್ಮ ಕಾಯಬೇಕೆಂಬ ಅವನ ಹಟ ಹಾಗೇ ಇದೆ. ಬದಲಾದದ್ದು ಬಾಣ ಹೋಗುವ ದಿಕ್ಕು ಮಾತ್ರ. ನಮ್ಮ ವಾದಗಳಲ್ಲೂ ಇದೇ ಅಳತೆ ಇರಬೇಕು.

ಮೊದಲು ಜನ, ಜಾಗ, ಸಮಯ

ನಾಲ್ಕರಿಂದ ಆರು ಜನ ಸಾಕು. ಎಂಟಾದರೆ ಇಬ್ಬರು ಬಾಯೇ ತೆರೆಯುವುದಿಲ್ಲ. ಗುಂಪಿನಲ್ಲಿ ಒಬ್ಬರಾದರೂ ಈ ಸರಣಿಯ ಮೇಲೆ ಅಂಥ ಪ್ರೀತಿ ಇಲ್ಲದವರು ಇರಲಿ. ನಾವೆಲ್ಲ ಸುಮ್ನೆ ಒಪ್ಪಿಕೊಂಡು ಮುಂದೆ ಹೋಗುವ ಕಡೆ ಅವರು ‘ಯಾಕೆ?’ ಅನ್ನುತ್ತಾರೆ. ಆ ಪ್ರಶ್ನೆ ಬಹಳ ಬೆಲೆಯುಳ್ಳದ್ದು.

ಜಾಗ ಸದ್ದಿಲ್ಲದ್ದಾಗಿರಲಿ. ಮಾನಸಗಂಗೋತ್ರಿಯ ಮರಗಳ ಕೆಳಗೆ, ಕುಕ್ಕರಹಳ್ಳಿ ಕೆರೆಯ ದಡದಲ್ಲಿ, ಸರಸ್ವತಿಪುರಂನಲ್ಲೋ ಕುವೆಂಪುನಗರದಲ್ಲೋ ಯಾರದಾದರೂ ಮನೆಯ ತಾರಸಿಯ ಮೇಲೆ ಕೂರಬಹುದು. ಮನೆಯಾದರೆ ಒಂದು ಅನುಕೂಲ ಇದೆ, ಬೇಕಾದ ದೃಶ್ಯವನ್ನು ಅಲ್ಲೇ ಹಾಕಿ ನೋಡಬಹುದು. ಭಾನುವಾರ ಬೆಳಿಗ್ಗೆ ತಿಂಡಿ ಹೋಟೆಲಿನಲ್ಲಿ ಟೇಬಲ್ ಹಿಡಿದು ವಾದಕ್ಕೆ ಕೂರಬೇಡಿ. ಹಸಿದವರು ನಿಂತಿರುತ್ತಾರೆ, ಅಲ್ವಾ? ಮಂಡ್ಯದ ಗೆಳೆಯರು ಮೈಸೂರಿಗೆ ಬರುವುದಾದರೆ ಅವರು ವಾಪಸ್ ಹೋಗುವ ರೈಲಿನ ಸಮಯ ನೋಡಿಕೊಂಡು ಶುರು ಮಾಡಿ. ವಾದ ಬಿಸಿಯಾದ ಹೊತ್ತಿನಲ್ಲಿ ಇಬ್ಬರು ಎದ್ದು ಹೋದರೆ ಆವತ್ತಿನ ಸಂಜೆ ಅಲ್ಲಿಗೆ ಮುಗಿದ ಹಾಗೆ.

ಒಂದು ಪ್ರಶ್ನೆಗೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಒಂದು ಸಂಜೆಗೆ ಒಂದೇ ಪ್ರಶ್ನೆ.

ಯಾವುದು ಸಾಕ್ಷಿ, ಯಾವುದು ಅಲ್ಲ

ಇದನ್ನು ಮೊದಲೇ ತೀರ್ಮಾನ ಮಾಡದಿದ್ದರೆ ಉಳಿದ ಹೆಜ್ಜೆಗಳಿಂದ ಏನೂ ಪ್ರಯೋಜನ ಇಲ್ಲ. ಸ್ಟಾರ್ ವಾರ್ಸ್ ಅಂದರೆ ಒಂಬತ್ತು ಚಿತ್ರಗಳಷ್ಟೇ ಅಲ್ಲ. 1977ರಿಂದ 1983ರವರೆಗಿನ ಮೂರು, 1999ರಿಂದ 2005ರವರೆಗಿನ ಮೂರು, 2015ರಿಂದ 2019ರವರೆಗಿನ ಮೂರು ಚಿತ್ರಗಳ ಸುತ್ತ ಕಾದಂಬರಿ, ಕಾಮಿಕ್ಸ್, ಆಟ, ಅನಿಮೇಷನ್ ಸರಣಿ ಎಲ್ಲವೂ ಬೆಳೆದಿವೆ. ಈ ಚಿತ್ರಗಳನ್ನು ತೆಗೆಯುವ ಲ್ಯೂಕಾಸ್‌ಫಿಲ್ಮ್ ಕಂಪನಿಯನ್ನು ಡಿಸ್ನಿ 2012ರಲ್ಲಿ ಕೊಂಡಿತು. 2014ರಲ್ಲಿ ಲ್ಯೂಕಾಸ್‌ಫಿಲ್ಮ್ ಅಲ್ಲಿಯವರೆಗಿನ ಕಾದಂಬರಿ, ಕಾಮಿಕ್ಸ್‌ಗಳನ್ನು ‘ಲೆಜೆಂಡ್ಸ್’ ಎಂದು ಬೇರೆ ಮಾಡಿಟ್ಟಿತು. ಅಂದರೆ ಮುಖ್ಯ ಕಥೆ ಇನ್ನು ಮುಂದೆ ಅವುಗಳಿಗೆ ಬದ್ಧವಲ್ಲ.

ಇದು ಬರೀ ನಿಯಮದ ಮಾತಲ್ಲ, ಉತ್ತರವನ್ನೇ ಬದಲಿಸುತ್ತದೆ. 2005ರ ಚಿತ್ರದಲ್ಲಿ, ಮುಂದೆ ಚಕ್ರವರ್ತಿಯಾಗುವ ಪಾಲ್ಪಟೀನ್ ಒಂದು ಆಜ್ಞೆ ಕೊಟ್ಟ ಕೂಡಲೇ ಕ್ಲೋನ್ ಸೈನಿಕರು ಜೊತೆಗಿದ್ದ ಜೆಡೈ ಯೋಧರನ್ನೇ ಕೊಲ್ಲುತ್ತಾರೆ. ಚಿತ್ರವಷ್ಟನ್ನೇ ನೋಡಿದರೆ ಅದು ಸೈನಿಕನ ವಿಧೇಯತೆ. ಕ್ಲೋನ್ ಯುದ್ಧದ ಅನಿಮೇಷನ್ ಸರಣಿಯನ್ನು ಸೇರಿಸಿದರೆ ಅವರ ಮಿದುಳಿನಲ್ಲಿ ಮೊದಲೇ ಇಟ್ಟಿದ್ದ ಒಂದು ಚಿಪ್ ಅದಕ್ಕೆ ಕಾರಣ. ‘ಸೈನಿಕರು ಆಜ್ಞೆ ಪಾಲಿಸದಿದ್ದರೆ?’ ಎಂಬ ಪ್ರಶ್ನೆ ಮೊದಲನೆಯದರಲ್ಲಿ ಆತ್ಮಸಾಕ್ಷಿಯ ವಿಷಯ, ಎರಡನೆಯದರಲ್ಲಿ ಯಂತ್ರ ಕೆಡುವ ವಿಷಯ. ಎರಡರ ಮೇಲೂ ವಾದ ಮಾಡಬಹುದು. ಒಂದೇ ಸಂಜೆ ಬೆರೆಸಬೇಡಿ.

ಚಿತ್ರಗಳಲ್ಲೂ ಪಾಠಾಂತರ ಇದೆ. ಸರಣಿಯ ಸೃಷ್ಟಿಕರ್ತ ಜಾರ್ಜ್ ಲ್ಯೂಕಾಸ್ 1997ರಲ್ಲಿ ಮೊದಲ ಮೂರು ಚಿತ್ರಗಳನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದರು. 1977ರ ಚಿತ್ರದಲ್ಲಿ ಹೋಟೆಲಿನ ಟೇಬಲಿನಲ್ಲಿ ಕೂತ ಹಾನ್ ಸೋಲೋ ಎದುರಿಗಿದ್ದ ಗ್ರೀಡೋನನ್ನು ಹೊಡೆದುಬಿಡುತ್ತಾನೆ. 1997ರದ್ದರಲ್ಲಿ ಗ್ರೀಡೋ ಮೊದಲು ಗುಂಡು ಹಾರಿಸುತ್ತಾನೆ. ಹಾನ್ ಎಂಥವನು ಎಂಬುದರ ಮೇಲೆ ನಿಂತ ಯಾವ ವಾದಕ್ಕೂ ಇದು ದೊಡ್ಡ ವ್ಯತ್ಯಾಸ.

ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ: ಒಂಬತ್ತು ಚಿತ್ರಗಳು ಮಾತ್ರ ಸಾಕ್ಷಿ. ಪರದೆಯ ಮೇಲೆ ಕಂಡದ್ದು, ಕೇಳಿದ್ದು, ಅಷ್ಟೇ.

ಕವಲನ್ನು ಆರಿಸುವುದು

ಒಳ್ಳೆಯ ಕವಲು ಒಬ್ಬ ಪಾತ್ರದ ನಿರ್ಧಾರದಲ್ಲಿರುತ್ತದೆ. ಗುಂಡು ತಾಗಿತೋ ತಪ್ಪಿತೋ ಎಂಬುದು ಅದೃಷ್ಟದ ವಿಷಯ. ಲ್ಯೂಕ್ ಬಿಟ್ಟ ಟಾರ್ಪಿಡೋ ಕೆಲಸ ಮಾಡದಿದ್ದರೆ ಶತ್ರುಗಳ ದೈತ್ಯ ಕೋಟೆ ಡೆತ್ ಸ್ಟಾರ್ ಉಳಿಯುತ್ತಿತ್ತು, ನಿಜ. ಆ ಕವಲನ್ನೇ ಹಿಡಿದು 2001ರಲ್ಲಿ ಒಂದು ಕಾಮಿಕ್ಸ್ ಕೂಡ ಬಂತು. ಓದಲು ಚೆನ್ನಾಗಿರುತ್ತದೆ. ವಾದಕ್ಕೆ ಮಾತ್ರ ಅದರಲ್ಲಿ ಹಿಡಿ ಸಿಗುವುದಿಲ್ಲ. ಒಬ್ಬ ಮನುಷ್ಯ ಎರಡು ದಾರಿಯ ಮಧ್ಯೆ ನಿಂತು ಒಂದನ್ನು ಆರಿಸಿದ ಕ್ಷಣ ಬೇಕು. ಆ ಇನ್ನೊಂದು ದಾರಿಯೂ ಅವನಿಗೆ ನಿಜವಾಗಿ ಸಾಧ್ಯವಿತ್ತು ಅನ್ನುವುದು ಚಿತ್ರದಲ್ಲೇ ಕಾಣಬೇಕು.

‘ಫೋರ್ಸ್ ಎಂಬ ಅಲೌಕಿಕ ಶಕ್ತಿಯೇ ಇಲ್ಲದಿದ್ದರೆ?’ ಎಂಬಂಥ ಪ್ರಶ್ನೆಗಳನ್ನು ಬಿಟ್ಟುಬಿಡಿ. ಅದು ಬೇರೆ ಕಥೆಯಾಗುತ್ತದೆ.

ಆರಿಸಿದ ಮೇಲೆ ಕವಲನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಯಾರು, ಎಲ್ಲಿ, ಯಾವಾಗ, ಏನು ಬೇರೆ ಮಾಡಿದರು. ‘ಅನಾಕಿನ್ ಒಳ್ಳೆಯವನಾಗಿ ಉಳಿದಿದ್ದರೆ’ ಎಂದು ಬರೆದರೆ ಕೆಲಸಕ್ಕೆ ಬರುವುದಿಲ್ಲ. ‘ಜೆಡೈ ಮುಖಂಡ ಮೇಸ್ ವಿಂಡು ಹೇಳಿದ ಹಾಗೆ ಅನಾಕಿನ್ ಕೌನ್ಸಿಲ್ ಕೋಣೆಯಲ್ಲೇ ಕಾದು ಕೂತ’ ಎಂದು ಬರೆಯಿರಿ. ಈಗ ಹಿಡಿಯಲು ಏನೋ ಸಿಕ್ಕಿತು.

ಅದರ ಕೆಳಗೆ ಇನ್ನೊಂದು ಸಾಲು ಇರಲಿ: ಅವನು ಹಾಗೆ ಮಾಡಲು ಕಾರಣ ಏನು? ಆ ಕಾರಣ ಸಾಧ್ಯವಾದಷ್ಟು ಸಣ್ಣದಾಗಿರಬೇಕು. ಲ್ಯೂಕ್ ಹೋಗಲಿಲ್ಲ ಎನ್ನಲು ಅವನನ್ನು ಹೇಡಿ ಮಾಡಬೇಕಾಗಿಲ್ಲ. ಮೊದಲ ಗುರು ಓಬಿ-ವಾನ್ ಮಾತಿಗೆ ಇನ್ನೊಂದು ನಿಮಿಷ ಕಿವಿ ಕೊಟ್ಟ ಅಂದರೆ ಸಾಕು.

ಒಂದು ಕವಲನ್ನು ಪೂರ್ತಿ ಹಿಂಬಾಲಿಸೋಣ

1980ರ ಚಿತ್ರವನ್ನೇ ತೆಗೆದುಕೊಳ್ಳಿ. ಡಾಗೊಬಾ ಗ್ರಹದ ಜೌಗಿನಲ್ಲಿ ಲ್ಯೂಕ್ ಯೋಡಾನ ಹತ್ತಿರ ಕಲಿಯುತ್ತಿದ್ದಾನೆ. ಮೋಡಗಳ ಮೇಲಿನ ಒಂದು ಊರಿನಲ್ಲಿ ಗೆಳೆಯರಾದ ಹಾನ್, ಲೇಯಾ ನರಳುವುದು ಅವನಿಗೆ ಕಾಣುತ್ತದೆ. ಯೋಡಾ ಬೇಡ ಅನ್ನುತ್ತಾನೆ. ಸತ್ತು ಆತ್ಮವಾಗಿ ಬರುವ ಓಬಿ-ವಾನ್ ಕೂಡ ಬೇಡ ಅನ್ನುತ್ತಾನೆ. ಲ್ಯೂಕ್ ಹೋಗುತ್ತಾನೆ. ವೇಡರ್ ಕೈಯಲ್ಲಿ ಸೋತು ಬಲಗೈ ಕಳೆದುಕೊಳ್ಳುತ್ತಾನೆ, ಅವನೇ ತನ್ನ ತಂದೆ ಎಂದು ತಿಳಿಯುತ್ತಾನೆ. ನಮ್ಮ ವಾಕ್ಯ: ‘ಲ್ಯೂಕ್ ಡಾಗೊಬಾದಲ್ಲೇ ಉಳಿದ.’

ಹೆಚ್ಚಿನವರು ತಕ್ಷಣ ಹೇಳುವುದು ಒಂದೇ. ಉಳಿದಿದ್ದರೆ ಒಳ್ಳೆಯದಾಗುತ್ತಿತ್ತು. ಕೈ ಉಳಿಯುತ್ತಿತ್ತು, ಕಲಿಕೆ ಮುಗಿಯುತ್ತಿತ್ತು. ಹೋಗಿ ಅವನು ಸಾಧಿಸಿದ್ದಾದರೂ ಏನು? ಲೇಯಾಳನ್ನು ಬಿಡಿಸಿದ್ದು ಆ ಊರನ್ನು ಆಳುತ್ತಿದ್ದ ಲ್ಯಾಂಡೋ. ಕೊನೆಗೆ ಲ್ಯೂಕ್‌ನನ್ನೇ ಅವರು ಬಂದು ಎತ್ತಿಕೊಂಡು ಹೋಗಬೇಕಾಯಿತು.

ಈಗ ಕೊಂಡಿ ಕೊಂಡಿಯಾಗಿ ಹೋಗಿ. ಮಂಡ್ಯದ ರೈತ ಕಾಲುವೆಯ ಒಂದು ತೂಬು ಮುಚ್ಚಿದರೆ ಯಾವ ಗದ್ದೆಗೆ ನೀರು ತಪ್ಪುತ್ತದೆ ಎಂದು ಒಂದೊಂದೇ ಬದು ದಾಟಿ ಹೇಳುತ್ತಾನಲ್ಲ, ಹಾಗೆ.

ಹಾನ್‌ನನ್ನು ಕಾರ್ಬನೈಟ್‌ನಲ್ಲಿ ಹೆಪ್ಪುಗಟ್ಟಿಸುವುದು ನಡೆಯುತ್ತದಾ? ನಡೆಯುತ್ತದೆ. ಲ್ಯೂಕ್‌ನನ್ನು ಹಾಗೆ ಹೆಪ್ಪುಗಟ್ಟಿಸಿ ಚಕ್ರವರ್ತಿಯ ಹತ್ತಿರ ಒಯ್ಯಬೇಕೆಂಬುದು ವೇಡರ್ ಯೋಜನೆ. ಆ ಯಂತ್ರ ಮನುಷ್ಯರ ಜೀವ ತೆಗೆಯುತ್ತದಾ ಎಂದು ನೋಡಲು ಹಾನ್ ಮೇಲೆ ಪರೀಕ್ಷೆ ಮಾಡುತ್ತಾನೆ. ಲ್ಯೂಕ್ ಬಂದಿಳಿದ ಸುದ್ದಿ ಬರುವುದು ಅದು ಮುಗಿದ ಮೇಲೆ. ಹಾಗಾಗಿ ಈ ಕೊಂಡಿ ಗಟ್ಟಿ.

ಲ್ಯಾಂಡೋ ತಿರುಗಿ ಬೀಳುತ್ತಾನಾ? ಬಹುಶಃ ಹೌದು. ವೇಡರ್ ಒಪ್ಪಂದವನ್ನು ಮುರಿಯುತ್ತ ಬಂದದ್ದಕ್ಕೆ ಅವನು ಆಗಲೇ ಕುದಿಯುತ್ತಿದ್ದಾನೆ. ಆದರೆ ಒಂದು ಅನುಮಾನ ಇದೆ. ಲೇಯಾಳನ್ನೂ ಹಾನ್‌ನ ಜೊತೆಗಾರ ಚೂಬಾಕಾನನ್ನೂ ತನ್ನ ಹಡಗಿಗೆ ಕಳಿಸು ಎಂದು ವೇಡರ್ ಹೇಳುವುದು ಲ್ಯೂಕ್ ಬಂದ ಸುದ್ದಿಯ ನಂತರ. ಲ್ಯೂಕ್ ಬರದಿದ್ದರೆ ಅವರು ಇನ್ನೂ ಕೆಲವು ದಿನ ಆ ಊರಿನಲ್ಲೇ ಗಾಳಕ್ಕೆ ಸಿಕ್ಕಿಸಿದ ಹುಳುವಿನ ಪಾತ್ರದಲ್ಲಿ ಇರಬಹುದು. ಲ್ಯಾಂಡೋಗೆ ಸಮಯ ಸಿಗುತ್ತದೆ. ವೇಡರ್‌ಗೆ ಅವನ ಮೇಲೆ ಸಂಶಯ ಪಡಲೂ ಸಮಯ ಸಿಗುತ್ತದೆ. ಇಲ್ಲಿ ಗುಂಪು ಎರಡಾಗಲಿ, ಒಳ್ಳೆಯದೇ.

ಮುಂದಿನ ಕೊಂಡಿಯಲ್ಲಿ ಎಲ್ಲವೂ ತಲೆಕೆಳಗಾಗುತ್ತದೆ. ಅವರು ತಪ್ಪಿಸಿಕೊಂಡು ಹಾನ್‌ನ ಹಡಗು ಮಿಲೇನಿಯಂ ಫಾಲ್ಕನ್ ನಿಂತ ಕಡೆಗೆ ಓಡುತ್ತಾರೆ. ಬಾಗಿಲಿನ ಸಂಕೇತ ಬದಲಾಗಿದೆ, ಲ್ಯಾಂಡೋಗೆ ತೆರೆಯಲು ಆಗುವುದಿಲ್ಲ. ತೆರೆಯುವುದು ಯಾರು? ಪುಟ್ಟ ರೋಬೋ ಆರ್‌ಟೂ. ಹಡಗು ಹಾರಿದ ಮೇಲೆ ಅತಿವೇಗದ ಯಂತ್ರ ಹೈಪರ್‌ಡ್ರೈವ್ ಕೈಕೊಡುತ್ತದೆ. ರಿಪೇರಿ ಮಾಡಿದ್ದೇವೆ ಎಂದು ತನ್ನ ಜನ ಹೇಳಿದ್ದನ್ನು ಲ್ಯಾಂಡೋ ನಂಬಿದ್ದ. ವೇಡರ್ ಕಡೆಯವರು ಅದನ್ನು ಗುಟ್ಟಾಗಿ ನಿಲ್ಲಿಸಿದ್ದರು. ಆ ಗುಟ್ಟನ್ನು ಊರಿನ ಕಂಪ್ಯೂಟರ್‌ನಿಂದ ತಿಳಿದುಕೊಂಡದ್ದೂ ಆರ್‌ಟೂ, ಕೊನೆಯ ಗಳಿಗೆಯಲ್ಲಿ ಸರಿ ಮಾಡಿದ್ದೂ ಆರ್‌ಟೂ. ಆರ್‌ಟೂ ಅಲ್ಲಿಗೆ ಬಂದದ್ದು ಹೇಗೆ? ಲ್ಯೂಕ್‌ನ ಹಡಗಿನಲ್ಲಿ.

ಅಂದರೆ ಲ್ಯೂಕ್ ಉಳಿದಿದ್ದರೆ ಆರ್‌ಟೂ ಕೂಡ ಡಾಗೊಬಾದಲ್ಲೇ. ಲೇಯಾ, ಚೂಬಾಕಾ, ಲ್ಯಾಂಡೋ ಮೂವರೂ ವೇಡರ್ ಕೈಗೆ. ಒಂದು ದೃಶ್ಯವನ್ನು ಗಮನವಿಟ್ಟು ನೋಡಿದ್ದರಿಂದ ಉತ್ತರವೇ ತಿರುಗಿತು. ಇಂಥ ಕೊಂಡಿ ಸಿಕ್ಕಾಗ ಆಗುವ ಸಂತೋಷಕ್ಕಾಗಿಯೇ ಇಷ್ಟೆಲ್ಲ ಶಿಸ್ತು.

ಇಲ್ಲಿಗೆ ನಿಲ್ಲಿಸಬೇಡಿ. ಡಾಗೊಬಾದಲ್ಲಿ ಉಳಿದ ಲ್ಯೂಕ್‌ನ ಕಡೆಗೂ ಹೋಗಿ. ಅವನ ಕಲಿಕೆ ಮುಗಿಯುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ವೇಡರ್ ತನ್ನ ತಂದೆ ಎಂದು ಅವನಿಗೆ ಹೇಳುವವರು ಯಾರು? ಯೋಡಾ, ಓಬಿ-ವಾನ್ ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮುಚ್ಚಿಟ್ಟಿದ್ದರು. 1983ರ ಚಿತ್ರದಲ್ಲಿ ಲ್ಯೂಕ್ ತಾನೇ ಬಂದು ಕೇಳಿದ ಮೇಲಷ್ಟೇ ಅವರು ಒಪ್ಪಿಕೊಳ್ಳುತ್ತಾರೆ. ಹಾಗಾದರೆ ಕಲಿತು ಮುಗಿಸಿದ ಲ್ಯೂಕ್ ವೇಡರ್ ಎದುರು ನಿಲ್ಲುವಾಗ ಅವನ ಕಣ್ಣಿಗೆ ಕಾಣುವುದು ತನ್ನ ತಂದೆಯನ್ನು ಕೊಂದ ಶತ್ರು. ಅದೇ ಡಾಗೊಬಾದ ಗುಹೆಯಲ್ಲಿ ಅವನು ವೇಡರ್ ರೂಪದ ತಲೆ ಕಡಿದು, ಒಡೆದ ಮುಖವಾಡದೊಳಗೆ ತನ್ನ ಮುಖವನ್ನೇ ಕಂಡದ್ದು ನೆನಪಿದೆಯಾ? ಆ ದೃಶ್ಯ ಈ ಕವಲಿನಲ್ಲಿ ಸಂಕೇತವಾಗಿ ಉಳಿಯುವುದಿಲ್ಲ, ಹಾಗೇ ನಡೆದುಹೋಗುತ್ತದೆ.

1983ರಲ್ಲಿ ಚಕ್ರವರ್ತಿ ಸಾಯುವುದು ಹೇಗೆ? ಲ್ಯೂಕ್ ತಂದೆಯನ್ನು ಕೊಲ್ಲಲು ಒಪ್ಪದೆ ಕತ್ತಿ ಎಸೆಯುತ್ತಾನೆ. ಚಕ್ರವರ್ತಿ ಅವನನ್ನು ಮಿಂಚಿನಿಂದ ಸುಡುತ್ತಾನೆ. ಮಗ ಸಾಯುವುದನ್ನು ನೋಡಲಾರದೆ ವೇಡರ್ ಚಕ್ರವರ್ತಿಯನ್ನು ಎತ್ತಿ ಕೆಳಗೆ ಎಸೆಯುತ್ತಾನೆ. ತಂದೆ ಎಂದು ಗೊತ್ತಿಲ್ಲದ ಲ್ಯೂಕ್‌ಗೆ ಕತ್ತಿ ಎಸೆಯಲು ಕಾರಣವೇ ಇಲ್ಲ. ಅವನು ವೇಡರ್‌ನನ್ನು ಗೆದ್ದರೆ ಪಾಲ್ಪಟೀನ್ ಎದುರು ಒಬ್ಬನೇ ನಿಲ್ಲುತ್ತಾನೆ, ಕೋಪ ತುಂಬಿಕೊಂಡು. ಪಾಲ್ಪಟೀನ್‌ಗೆ ಬೇಕಾದದ್ದೂ ಅದೇ.

ನನ್ನ ತೀರ್ಪನ್ನು ಹೇಳುತ್ತೇನೆ, ನೀವು ಒಪ್ಪಲೇಬೇಕೆಂದಿಲ್ಲ. ಲ್ಯೂಕ್ ಹೋದದ್ದೇ ಸರಿ. ಗೆಳೆಯರನ್ನು ತಾನು ಉಳಿಸುತ್ತೇನೆ ಎಂದುಕೊಂಡು ಹೋದ. ಉಳಿಸಿದ್ದು ಅವನ ಜೊತೆ ಬಂದ ರೋಬೋ. ಅವನಿಗೆ ಸಿಕ್ಕಿದ್ದು ಸೋಲು ಮತ್ತು ಒಂದು ಸತ್ಯ. ಕಥೆಯ ಕೊನೆ ನಿಂತಿರುವುದು ಆ ಸತ್ಯದ ಮೇಲೆ. ಎದುರು ವಾದ ಹೂಡುವವರಿಗೂ ಒಳ್ಳೆಯ ಸಾಮಗ್ರಿ ಇದೆ. ಲೇಯಾ ಸೆರೆ ಸಿಕ್ಕಿದರೆ ಎಲ್ಲ ಮುಗಿಯಿತು ಎಂದೇನೂ ಅಲ್ಲ, 1977ರಲ್ಲಿ ಡೆತ್ ಸ್ಟಾರ್‌ನ ವಿಚಾರಣೆಗೂ ಅವಳು ಬಗ್ಗಿರಲಿಲ್ಲ. ಜೊತೆಗೆ ಅವಳು ವೇಡರ್‌ನ ಮಗಳು. ಮಗನ ಬದಲು ಮಗಳ ಮೂಲಕ ಅದೇ ಸತ್ಯ ಹೊರಗೆ ಬರಬಹುದಿತ್ತಾ? ಈ ಕಡೆಯಿಂದ ಯಾರಾದರೂ ಗಟ್ಟಿಯಾಗಿ ಕಟ್ಟಿದರೆ ಕೇಳಲು ನನಗೆ ಆಸೆ.

ಮೂರು ಗುರುತು, ಒಬ್ಬ ತಡೆಯುವವ

ಪ್ರತಿ ಕೊಂಡಿಗೂ ಹಾಳೆಯಲ್ಲಿ ಒಂದು ಗುರುತು ಹಾಕಿ: ಖಚಿತ, ಸಾಧ್ಯ, ಆಸೆ. ಪರದೆಯ ಮೇಲಿನ ಸಾಕ್ಷಿ ಇದ್ದರೆ ಖಚಿತ. ಪಾತ್ರದ ಸ್ವಭಾವಕ್ಕೆ ಒಪ್ಪುತ್ತದೆ, ನೇರ ಸಾಕ್ಷಿ ಇಲ್ಲ ಅಂದರೆ ಸಾಧ್ಯ. ಹಾಗಾದರೆ ಚೆನ್ನಾಗಿರುತ್ತಿತ್ತು ಅನ್ನಿಸಿದ್ದಷ್ಟೇ ಆದರೆ ಆಸೆ. ಆಸೆ ತಪ್ಪೇನಲ್ಲ. ಅದರ ಮೇಲೆ ಮುಂದಿನ ಕೊಂಡಿ ಕಟ್ಟಬೇಡಿ. ‘ಸಾಧ್ಯ’ ಎಂಬ ಗುರುತು ಸಾಲಾಗಿ ಮೂರು ಸಲ ಬಂದರೆ ಅಲ್ಲಿಗೆ ನಿಲ್ಲಿಸಿ. ಅದರಾಚೆ ಹೇಳುವುದೆಲ್ಲ ಹೊಸ ಕಥೆ.

ಗುಂಪಿನಲ್ಲಿ ಒಬ್ಬರಿಗೆ ತಡೆಯುವ ಕೆಲಸ ಕೊಡಿ. ಅವರು ಯಾವ ಪಕ್ಷವನ್ನೂ ಹಿಡಿಯುವುದಿಲ್ಲ. ‘ಇದಕ್ಕೆ ದೃಶ್ಯ ಯಾವುದು?’, ‘ಇವನು ಇಂಥವನಾ?’ ಎಂಬ ಎರಡೇ ಪ್ರಶ್ನೆ ಕೇಳುತ್ತಾರೆ. ಎರಡನೆಯದು ಜಾಸ್ತಿ ಮುಖ್ಯ. ನಮಗೆ ಬೇಕಾದ ಕೊನೆ ತರಲು ಪಾತ್ರಗಳನ್ನು ಇದ್ದಕ್ಕಿದ್ದಂತೆ ಜಾಣರನ್ನಾಗಿ, ಇಲ್ಲವೇ ದಡ್ಡರನ್ನಾಗಿ ಮಾಡಿಬಿಡುವುದು ಈ ಆಟದ ದೊಡ್ಡ ರೋಗ. ನಮ್ಮ ಪಕ್ಷದವರು ಬದಲಾದ ಸ್ಥಿತಿಗೆ ಬೇಗ ಹೊಂದಿಕೊಂಡರೆ ಎದುರಾಳಿಗೂ ಅಷ್ಟೇ ಬುದ್ಧಿ ಇದೆ ಎಂದು ಲೆಕ್ಕ ಹಾಕಬೇಕು.

ಮಾಡಿದವರು ಬಿಟ್ಟ ದಾರಿಗಳು

ವಾದ ಒಂದು ಹದಕ್ಕೆ ಬಂದ ಮೇಲೆ, ಮುಂಚೆ ಅಲ್ಲ, ಚಿತ್ರ ಮಾಡಿದವರು ಯೋಚಿಸಿ ಕೈಬಿಟ್ಟ ದಾರಿಗಳನ್ನು ಮುಂದಿಡಿ. 1980ರ ಚಿತ್ರದ ಮೊದಲ ಚಿತ್ರಕಥೆ ಬರೆದವರು ಲೀ ಬ್ರಾಕೆಟ್. ಅದರಲ್ಲಿ ವೇಡರ್ ಲ್ಯೂಕ್‌ನ ತಂದೆ ಅಲ್ಲ. ಲ್ಯೂಕ್‌ನ ತಂದೆಯ ಆತ್ಮ ಬೇರೆಯಾಗಿಯೇ ಬಂದು ಮಾತಾಡುತ್ತದೆ. ಬ್ರಾಕೆಟ್ 1978ರಲ್ಲಿ ತೀರಿಕೊಂಡರು. ಲ್ಯೂಕಾಸ್ ತಾವೇ ಮುಂದುವರಿಸಿ ಬರೆದಾಗ ಇಬ್ಬರು ಒಬ್ಬರಾದರು. ಈ ಸರಣಿಯ ಅತಿ ದೊಡ್ಡ ತಿರುವು ಮೊದಲ ದಿನದಿಂದ ಅಲ್ಲಿರಲಿಲ್ಲ. ಚಿತ್ರೀಕರಣದಲ್ಲಿ ಅದನ್ನು ಗುಟ್ಟಾಗಿಡಲು ಬೇರೆಯದೇ ಮಾತು ಆಡಿಸಿ, ನಿಜವಾದ ಮಾತನ್ನು ಆಮೇಲೆ ಜೇಮ್ಸ್ ಅರ್ಲ್ ಜೋನ್ಸ್ ಧ್ವನಿಯಲ್ಲಿ ಸೇರಿಸಿದರು.

ಹಾನ್ ಸೋಲೋ ಪಾತ್ರ ಮಾಡಿದ ಹ್ಯಾರಿಸನ್ ಫೋರ್ಡ್ 1983ರಲ್ಲೇ ಆ ಪಾತ್ರ ಸಾಯಲಿ ಎಂದು ಬಯಸಿದ್ದರು. ಲ್ಯೂಕಾಸ್ ಒಪ್ಪಲಿಲ್ಲ. 2015ರಲ್ಲಿ ಹಾನ್ ತನ್ನ ಮಗನ ಕೈಯಲ್ಲೇ ಸಾಯುತ್ತಾನೆ. ಫೋರ್ಡ್ ಮಾತು ನಡೆದಿದ್ದರೆ ಆ ಮಗನೇ ಹುಟ್ಟುತ್ತಿರಲಿಲ್ಲ ಎಂಬುದು ಸುಲಭವಾಗಿ ಹೊಳೆಯುತ್ತದೆ. ಹುಟ್ಟದಿದ್ದರೆ ಕೊನೆಯ ಮೂರು ಚಿತ್ರಗಳ ಬೆನ್ನೆಲುಬು ಯಾರು? ಅದಕ್ಕೇ ಒಂದು ಸಂಜೆ ಹಿಡಿಯುತ್ತದೆ.

ಕೊನೆಯ ಮೂರು ಚಿತ್ರಗಳ ನಾಯಕಿ ರೇ ಯಾರ ಮಗಳು ಎಂಬುದಂತೂ ಚಿತ್ರಗಳೇ ತಮ್ಮೊಳಗೆ ಮಾಡಿಕೊಂಡ ವಾದ. 2017ರಲ್ಲಿ ಅವಳ ತಂದೆತಾಯಿ ಹೆಸರಿಲ್ಲದ ಸಾಮಾನ್ಯರು. 2019ರಲ್ಲಿ ಅವಳು ಪಾಲ್ಪಟೀನ್ ಮೊಮ್ಮಗಳು. ಎರಡು ಉತ್ತರಗಳಲ್ಲಿ ನನಗೆ ಮೊದಲನೆಯದೇ ಹೆಚ್ಚು ಇಷ್ಟ. ವಂಶದ ಹಂಗಿಲ್ಲದೆ ಒಬ್ಬ ಹುಡುಗಿ ಎದ್ದು ನಿಲ್ಲುವುದು ಈ ಕಥೆಗೆ ಬೇಕಾಗಿತ್ತು.

ಮಾಡಿದವರ ಯೋಚನೆಯನ್ನು ಸಾಕ್ಷಿಯ ಹಾಗೆ ಬಳಸಬೇಡಿ. ‘ಲ್ಯೂಕಾಸ್ ಹೀಗೆ ಅಂದುಕೊಂಡಿದ್ದರು, ಆದ್ದರಿಂದ ನಾನು ಗೆದ್ದೆ’ ಅನ್ನುವಂತಿಲ್ಲ. ನಿಮ್ಮ ದಾರಿಗೂ ಅವರು ಬಿಟ್ಟ ದಾರಿಗೂ ಎಲ್ಲಿ ವ್ಯತ್ಯಾಸ ಎಂದು ನೋಡಲು ಅದು ಇದೆ.

ನಿಮ್ಮ ಮೊದಲ ಸಂಜೆಗೆ

ಮೊದಲ ಸಲ ಕೂರುವವರಿಗೆ 2005ರ ಕವಲು ಒಳ್ಳೆಯದು. ಪಾಲ್ಪಟೀನ್ ಜೆಡೈಗಳ ಶತ್ರು ಪಂಗಡವಾದ ಸಿತ್‌ಗೆ ಸೇರಿದವನು ಎಂದು ಅನಾಕಿನ್ ತಿಳಿಸಿದಾಗ, ಕೌನ್ಸಿಲ್ ಕೋಣೆಯಲ್ಲಿ ಕಾಯುತ್ತಿರು ಎಂದು ಹೇಳಿ ಮೇಸ್ ವಿಂಡು ಮೂವರು ಜೆಡೈಗಳ ಜೊತೆ ಹೊರಡುತ್ತಾನೆ. ಆ ಮೂವರು ಬೇಗ ಸಾಯುತ್ತಾರೆ. ಮೇಸ್ ಪಾಲ್ಪಟೀನ್ ಕೈಯಿಂದ ಕತ್ತಿ ಬೀಳಿಸುತ್ತಾನೆ. ಆಗ ಅನಾಕಿನ್ ಬಂದು ಮೇಸ್‌ನ ಕೈ ಕಡಿಯುತ್ತಾನೆ. ಅವನು ಬರದೆ ಕಾದು ಕೂತಿದ್ದರೆ?

ಶುರು ಮಾಡುವ ಮುಂಚೆ ಒಂದು ವಿಷಯ ಇತ್ಯರ್ಥವಾಗಲಿ. ಪಾಲ್ಪಟೀನ್ ನಿಜವಾಗಿ ಸೋತಿದ್ದನಾ, ಅನಾಕಿನ್‌ನನ್ನು ಸೆಳೆಯಲು ಸೋತ ಹಾಗೆ ನಟಿಸಿದನಾ? ನಟನೆ ಅಂದರೆ ನೋಡುವವನು ಇಲ್ಲದ ಕೋಣೆಯಲ್ಲಿ ಅವನು ಬೇರೆ ರೀತಿ ಹೋರಾಡುತ್ತಾನೆ. ಒಂದನ್ನು ಒಪ್ಪಿಕೊಂಡು ಮುಂದೆ ಹೋಗಿ.

ಮೇಸ್ ಗೆದ್ದ ಎಂದೇ ಇಟ್ಟುಕೊಳ್ಳಿ. ಜೆಡೈಗಳನ್ನು ಕೊಲ್ಲುವ ಆಜ್ಞೆ ಬರುವುದಿಲ್ಲ. ಯೋಡಾ, ಓಬಿ-ವಾನ್ ತಮ್ಮ ಸೈನ್ಯದ ಜೊತೆ ಸುರಕ್ಷಿತ. ಎದುರು ಪಕ್ಷದ ಮುಖಂಡರಾದ ಕೌಂಟ್ ಡೂಕು, ಜನರಲ್ ಗ್ರೀವಸ್ ಇಬ್ಬರೂ ಆಗಲೇ ಸತ್ತಿದ್ದಾರೆ, ಯುದ್ಧ ಮುಗಿಯುವ ಹಂತದಲ್ಲಿದೆ. ಎಲ್ಲ ಚೆನ್ನಾಗಿ ಕಾಣುತ್ತದೆ, ಅಲ್ವಾ? ಆದರೆ ಹೊರಗಿನವರ ಕಣ್ಣಿಗೆ ಕಾಣುವುದು ಏನು? ಚುನಾಯಿತ ಚಾನ್ಸಲರ್‌ನನ್ನು ಜೆಡೈಗಳು ಅವನ ಕಚೇರಿಗೇ ನುಗ್ಗಿ ಕೊಂದರು. ಸೆನೆಟ್ಟೂ ನ್ಯಾಯಾಲಯಗಳೂ ಪಾಲ್ಪಟೀನ್ ಹಿಡಿತದಲ್ಲಿವೆ ಎಂದು ಮೇಸ್ ಸ್ವತಃ ಹೇಳಿದ್ದಾನೆ. ಅವರ ಮುಂದೆ ಯಾವ ಪುರಾವೆ ಇಡುತ್ತಾರೆ? ಕೊಂದ ಮೇಸ್‌ನನ್ನು ಬಿಟ್ಟರೆ ಉಳಿದ ಸಾಕ್ಷಿ ಒಬ್ಬನೇ, ಅನಾಕಿನ್. ತನ್ನ ಹೆಂಡತಿ ಪದ್ಮೆಯನ್ನು ಸಾವಿನಿಂದ ಉಳಿಸುವ ಒಂದೇ ದಾರಿ ಆ ಕೋಣೆಯಲ್ಲಿ ಸತ್ತಿತು ಎಂದು ನಂಬಿರುವವನೂ ಅವನೇ. ಅವನು ಸೆನೆಟ್ ಮುಂದೆ ನಿಂತು ಏನು ಹೇಳುತ್ತಾನೆ ಎಂಬಲ್ಲಿ ನಿಮ್ಮ ಸಂಜೆ ಬಿಸಿಯಾಗುತ್ತದೆ. ಒಂದು ಸೂಚನೆ ಕೊಡುತ್ತೇನೆ: ಪದ್ಮೆ ಕೂಡ ಸೆನೆಟರ್. ಅವಳನ್ನು ಮರೆತು ಈ ಕವಲನ್ನು ಮುಗಿಸಿದರೆ ಅದು ಅರ್ಧ ವಾದ.

ಕೊನೆಗೆ ಮತ ಹಾಕಿಸಬೇಡಿ. ಮತ ಹಾಕಿದರೆ ಇಷ್ಟದ ಪಾತ್ರ ಗೆಲ್ಲುತ್ತದೆ. ಅದರ ಬದಲು ಹಾಳೆಯಲ್ಲಿ ‘ಖಚಿತ’ ಎಂದು ಉಳಿದ ಕೊಂಡಿಗಳನ್ನು ಗಟ್ಟಿಯಾಗಿ ಓದಿ, ಅದರಲ್ಲಿ ಯಾವುದು ಎಲ್ಲರಿಗೂ ಹೊಸದಾಗಿತ್ತು ಎಂದು ಕೇಳಿ. ಆ ಹಾಳೆಯನ್ನು ಒಬ್ಬರು ಇಟ್ಟುಕೊಳ್ಳಲಿ, ಮುಂದಿನ ಸಲ ಯಾರಾದರೂ ಅದೇ ಕವಲಿಗೆ ವಾಪಸ್ ಬಂದರೆ ಅಲ್ಲಿಂದಲೇ ಮುಂದುವರಿಸಬಹುದು.

ಎರಡನೇ ಸಂಜೆಗೆ 1999ರ ಕವಲನ್ನು ತೆಗೆದುಕೊಳ್ಳಿ. ಸಿತ್ ಯೋಧ ಡಾರ್ತ್ ಮಾಲ್ ಕೈಯಲ್ಲಿ ಓಬಿ-ವಾನ್‌ನ ಗುರು ಕ್ವಾಯ್-ಗಾನ್ ಜಿನ್ ಸಾಯದಿದ್ದರೆ? ಇದು ಹಾಗೇ ನೋಡಿದರೆ ಕತ್ತಿಯ ಏಟಿನ ವಿಷಯ, ಅದೃಷ್ಟದ ಕವಲು. ಅದನ್ನು ನಿರ್ಧಾರವಾಗಿ ಬದಲಿಸಿ: ಓಬಿ-ವಾನ್ ಕೆಂಪು ಕಿರಣದ ಬಾಗಿಲಿನ ಹಿಂದೆ ಸಿಕ್ಕಿಕೊಂಡಿದ್ದಾನೆ, ಕ್ವಾಯ್-ಗಾನ್ ಮುನ್ನುಗ್ಗದೆ ಬಾಗಿಲು ತೆರೆಯುವವರೆಗೆ ತನ್ನನ್ನು ಕಾಪಾಡಿಕೊಂಡ. ಆಗ ಅನಾಕಿನ್‌ಗೆ ಕಲಿಸುವವನು ಕ್ವಾಯ್-ಗಾನ್. ಎಲ್ಲರೂ ನೇರವಾಗಿ ವೇಡರ್ ಹುಟ್ಟುತ್ತಾನಾ ಇಲ್ಲವಾ ಎಂಬಲ್ಲಿಗೆ ಹಾರುತ್ತಾರೆ. ಹಾರಲು ಬಿಡಬೇಡಿ. ಅನಾಕಿನ್‌ನ ತಾಯಿ ಶ್ಮಿ ಟಾಟೂಯಿನ್‌ನಲ್ಲಿ ಇನ್ನೂ ಗುಲಾಮಳು. ಮಗನ ಜೊತೆ ಅವಳನ್ನೂ ಬಿಡಿಸಲು ಕ್ವಾಯ್-ಗಾನ್ ಆಗಲೇ ಒಮ್ಮೆ ನೋಡಿದ್ದ, ಆಗಲಿಲ್ಲ. ಬದುಕುಳಿದ ಕ್ವಾಯ್-ಗಾನ್ ಅವಳಿಗಾಗಿ ಮತ್ತೆ ಹೋಗುತ್ತಾನಾ? ಮೊದಲ ಕೊಂಡಿ ಅದೇ ಆಗಿರಲಿ.